98 ಖರೇನೋ, 109 ಖರೇನೋ?

ಪುಣೆಯಲ್ಲಿ ನಮ್ಮದೊಂದು ಕನ್ನಡಿಗರ ಗುಂಪಿದೆ. ವರ್ಷಕ್ಕೊಮ್ಮೆ, ಡಿಸೆಂಬರಿನ ಒಂದು ಭಾನುವಾರ, ಕ್ರಿಕೆಟ್ ಆಡುತ್ತೇವೆ. ಹೆಸರಿಗೆ ಟೂರ್ನಮೆಂಟು. ಅಸಲಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ, ಮಧ್ಯೆ ಮಧ್ಯೆ ಒಂದಿಷ್ಟು ಓವರುಗಳು. ಕಳೆದ ಸಲ ಗೆಳೆಯನೊಬ್ಬ ಆಟದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯಿಂದ ರೇಡಾರ್ ಗನ್ ತಂದಿದ್ದ. ನೋಡಲು ಹೇರ್ ಡ್ರೈಯರ್ ಥರ ಇರುತ್ತದೆ. ಅದು ಮೈದಾನಕ್ಕೆ ಬಂದದ್ದೇ ತಡ, ಪಂದ್ಯ ನಿಂತುಹೋಯಿತು. ನಲವತ್ತು ದಾಟಿದವರು, ದಾಟಲಿರುವವರು, ಮೊಣಕಾಲಿಗೆ ಪಟ್ಟಿ ಬಿಗಿದವರು, ಎಲ್ಲರೂ ಚೆಂಡು ಹಿಡಿದು ಸಾಲಿನಲ್ಲಿ ನಿಂತರು.

ನಾನೂ ನಿಂತೆ. ಅರಸೀಕೆರೆಯಲ್ಲಿ ನನ್ನ ಬೌಲಿಂಗಿಗೆ ಹೆದರಿ ಹೆಲ್ಮೆಟ್ ಕೇಳಿದ ಹುಡುಗನೊಬ್ಬನಿದ್ದ ಎನ್ನುವುದು ನಾನು ಇಪ್ಪತ್ತು ವರ್ಷಗಳಿಂದ ಮನೆಯಲ್ಲಿ ಹೇಳಿಕೊಂಡು ಬಂದಿರುವ ಕಥೆ. ನನ್ನ ಲೆಕ್ಕದಲ್ಲಿ 120 ಖಾತ್ರಿ. ಗನ್ 91 ಅಂದಿತು. ಎರಡನೆಯದು 88. ಮೂರನೆಯದಕ್ಕೆ ಓಡುವ ಮುನ್ನ ಹೆಂಡತಿ ದೂರದಿಂದಲೇ ಸೊಂಟ ಮುಟ್ಟಿ ತೋರಿಸಿದಳು. ಸೋಮವಾರ ಆಫೀಸಿದೆ ಎಂದು ಅರ್ಥ.

ನಮ್ಮ ದೊಡ್ಡವರ ತಮಾಷೆ ಮುಗಿದ ಮೇಲೆ ಹದಿನಾಲ್ಕು ವರ್ಷದ ಹುಡುಗನೊಬ್ಬ ಬಂದ. ಅವನ ತಂದೆ ಗದಗಿನ ಕಡೆಯವರು, ಚಿಂಚವಡದ ಕಾರ್ಖಾನೆಯೊಂದರಲ್ಲಿ ಕೆಲಸ. ಹುಡುಗ ಸಣಕಲ, ಆದರೆ ಉದ್ದನೆಯ ಕೈ. ಓಟ ಶುರು ಮಾಡಿದಾಗಲೇ ಮೈದಾನದಲ್ಲಿ ಮಾತು ಕಡಿಮೆಯಾಯಿತು. 108. ಇನ್ನೊಂದು ಹಾಕಿದ, 110. ಮತ್ತೊಂದು, 109. ನಾವೆಲ್ಲ ಚಪ್ಪಾಳೆ ತಟ್ಟಿದೆವು. ತಂದೆ ಮಾತ್ರ ತಟ್ಟಲಿಲ್ಲ. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು:

"ಸರ, ಹೋದ ತಿಂಗಳ ಅಂವಂದು ಟ್ರಯಲ್ ಇತ್ರೀ. ಅಲ್ಲಿ 98 ಬಂತು. 105 ಆದ್ರ ತಗೋತೀವಿ ಅಂದಿದ್ರು. ಇಲ್ಲಿ ನೋಡಿದ್ರ 109 ತೋರಸಾಕತ್ತದ. ಈಗ ಯಾವುದು ಖರೇ ಅಂತ ತಿಳ್ಕೋಬೇಕ್ರೀ?"

ಟ್ರಯಲ್ ನಡೆಸಿದ್ದು ಒಂದು ಕೋಚಿಂಗ್ ಅಕಾಡೆಮಿ. ಆಯ್ಕೆಯಾದವರಿಗೆ ವರ್ಷಪೂರ್ತಿ ಶುಲ್ಕದಲ್ಲಿ ರಿಯಾಯಿತಿ, ಒಳ್ಳೆಯ ಪಿಚ್, ಪಂದ್ಯಗಳು. ಈ ಮನೆಯ ಮಟ್ಟಿಗೆ ರಿಯಾಯಿತಿ ಇಲ್ಲದಿದ್ದರೆ ಆ ಅಕಾಡೆಮಿಯೇ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಗೊತ್ತಾದ ಮೇಲೆ ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲವಂತೆ.

ನನಗೆ ಮೊದಲು ಬಂದ ಅನುಮಾನ ನಮ್ಮ ಗನ್ನಿನ ಮೇಲೇ. ಬಾಡಿಗೆ ಮಾಲು, ಮೀಟರ್ ಜಾಸ್ತಿ ಓಡುವ ಆಟೋ ಥರ ಇರಬಹುದು. ಪೆಟ್ಟಿಗೆ ತೆಗೆದು ನೋಡಿದರೆ ಒಳಗೊಂದು ಟ್ಯೂನಿಂಗ್ ಫೋರ್ಕ್ ಇತ್ತು. ಹೈಸ್ಕೂಲಿನ ಭೌತಶಾಸ್ತ್ರದ ಪ್ರಯೋಗದಲ್ಲಿ ಮೊಣಕೈಗೆ ಬಡಿದು ಕಿವಿಯ ಹತ್ತಿರ ಹಿಡಿಯುತ್ತಿದ್ದೆವಲ್ಲ, ಅದೇ ಶ್ರುತಿಕವೆ. ಇದರ ಮೇಲೆ ಒಂದು ವೇಗದ ಅಂಕಿ ಕೊರೆದಿತ್ತು. ಬಡಿದು ಗನ್ನಿನ ಮುಂದೆ ಹಿಡಿದೆವು. ಕೊರೆದಿದ್ದ ಅಂಕಿಯೇ ಪರದೆಯ ಮೇಲೂ ಬಂತು.

ಫೋರ್ಕಿಗೂ ವೇಗಕ್ಕೂ ಏನು ಸಂಬಂಧ ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಗನ್ ಹೇಗೆ ಕೆಲಸ ಮಾಡುತ್ತದೆ ಎನ್ನುವುದು ಇದರಲ್ಲೇ ಇದೆ.

ಪುಣೆಯಿಂದ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗುವಾಗ ನೀವೂ ಗಮನಿಸಿರುತ್ತೀರಿ. ಎದುರಿನ ಹಳಿಯಲ್ಲಿ ಬರುವ ಗಾಡಿಯ ಹಾರ್ನ್ ನಮ್ಮತ್ತ ಬರುವಾಗ ತಾರಕದಲ್ಲಿರುತ್ತದೆ, ದಾಟಿದ ಕೂಡಲೇ ಮಂದ್ರಕ್ಕೆ ಇಳಿಯುತ್ತದೆ. ಇದೇ ಡಾಪ್ಲರ್ ಪರಿಣಾಮ. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ ಇದನ್ನು ಹೇಳಿದ್ದು 1842ರಲ್ಲಿ. ಮೂರು ವರ್ಷದ ನಂತರ ಡಚ್ ವಿಜ್ಞಾನಿ ಬಯ್ಸ್ ಬಲೋ ಇದನ್ನು ಪರೀಕ್ಷಿಸಲು ಉಟ್ರೆಕ್ಟ್ ಹತ್ತಿರ ರೈಲಿನಲ್ಲಿ ಕಹಳೆ ಊದುವವರನ್ನು ಕೂರಿಸಿ, ಹಳಿಯ ಪಕ್ಕದಲ್ಲಿ ಸ್ವರಜ್ಞಾನ ಇರುವವರನ್ನು ನಿಲ್ಲಿಸಿ, ಊದಿದ ಸ್ವರಕ್ಕೂ ಕೇಳಿದ ಸ್ವರಕ್ಕೂ ಎಷ್ಟು ವ್ಯತ್ಯಾಸ ಎಂದು ಬರೆಸಿಕೊಂಡ. ವಿಜ್ಞಾನದ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗಗಳಲ್ಲಿ ಇದೂ ಒಂದು.

ರೇಡಾರ್ ಗನ್ ಕಹಳೆಯ ಬದಲು ಮೈಕ್ರೋವೇವ್ ಊದುತ್ತದೆ. ಸಾಮಾನ್ಯವಾಗಿ ಬಳಸುವ ಒಂದು ತರಂಗದ ಆವರ್ತನ 24.15 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಎರಡು ಸಾವಿರದ ನಾನೂರು ಕೋಟಿಗೂ ಹೆಚ್ಚು ಕಂಪನ. ಅದು ಎದುರು ಬರುತ್ತಿರುವ ಚೆಂಡಿಗೆ ಬಡಿದು ವಾಪಸಾಗುವಾಗ ಆವರ್ತನ ಸ್ವಲ್ಪ ಏರಿರುತ್ತದೆ. ಚೆಂಡು ಗಂಟೆಗೆ 144 ಕಿಲೋಮೀಟರ್, ಅಂದರೆ ಸೆಕೆಂಡಿಗೆ 40 ಮೀಟರ್ ವೇಗದಲ್ಲಿದ್ದರೆ ಈ ಏರಿಕೆ ಸುಮಾರು 6,440 ಹರ್ಟ್ಸ್. ಗಂಟೆಗೆ ಒಂದು ಕಿಲೋಮೀಟರ್ ಹೆಚ್ಚಾದರೆ ಸರಿಸುಮಾರು 45 ಹರ್ಟ್ಸ್ ಹೆಚ್ಚು. ಗನ್ ಅಳೆಯುವುದು ಆ ಏರಿಕೆಯೊಂದನ್ನೇ. ಅಷ್ಟೇ ಹರ್ಟ್ಸ್‌ನಲ್ಲಿ ಕಂಪಿಸುವ ಶ್ರುತಿಕವೆಯನ್ನು ಮುಂದೆ ಹಿಡಿದರೆ, ಚೆಂಡೇ ಬಂತು ಎಂದು ತಿಳಿದು ಅದರ ವೇಗವನ್ನು ತೋರಿಸುತ್ತದೆ. ಪೊಲೀಸರ ಕೈಯಲ್ಲಿದ್ದ ಈ ಸಾಧನವನ್ನು ಆಟಕ್ಕೆ ತಂದವನು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ಕೋಚ್ ಡ್ಯಾನಿ ಲಿಟ್‌ವೈಲರ್. 1974ರಲ್ಲಿ ಕ್ಯಾಂಪಸ್ ಪೊಲೀಸರು ವಾಹನಗಳ ವೇಗ ಅಳೆಯುವುದನ್ನು ಕಂಡು, ಇದರಿಂದ ಪಿಚರ್ ಎಸೆಯುವ ಚೆಂಡನ್ನೂ ಅಳೆಯಬಹುದಲ್ಲ ಎಂದು ಅವನಿಗೆ ಹೊಳೆಯಿತು.

ಸರಿ, ನಮ್ಮ ಗನ್ ಸುಳ್ಳು ಹೇಳುತ್ತಿರಲಿಲ್ಲ. ಹಾಗಾದರೆ ಅಕಾಡೆಮಿಯ ಗನ್ ಸುಳ್ಳು ಹೇಳಿತೇ? ಹುಡುಗನನ್ನು ಕೇಳಿದೆ, "ಅಲ್ಲಿ ಗನ್ ಹಿಡಿದವರು ಎಲ್ಲಿ ನಿಂತಿದ್ದರು?"

ಅವನು ಸ್ಟಂಪಿನ ಚೂಪು ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದ. ಅಕ್ಕಪಕ್ಕ ನಾಲ್ಕು ನೆಟ್. ಬ್ಯಾಟ್ಸ್‌ಮನ್ ತುದಿಯಲ್ಲಿ, ಮೊದಲನೇ ನೆಟ್‌ನ ಹಿಂದೆ ಕುರ್ಚಿ. ಕುರ್ಚಿಯ ಮೇಲೆ ಗನ್ ಹಿಡಿದ ಸಹಾಯಕ ಕೋಚ್. ಬೆಳಗ್ಗೆಯಿಂದ ಸಂಜೆಯವರೆಗೆ ಕುರ್ಚಿ ಅಲ್ಲಿಂದ ಕದಲಿಲ್ಲ. ಒಬ್ಬೊಬ್ಬರಾಗಿ ಹಾಕಬೇಕು, ಅವರು ಅಲ್ಲಿಂದಲೇ ಗನ್ ತಿರುಗಿಸಿ ಅಳೆಯುತ್ತಾರೆ. ಇವನದು ನಾಲ್ಕನೇ ನೆಟ್.

ಗನ್ನಿಗೆ ಚೆಂಡಿನ ಪೂರ್ತಿ ವೇಗ ಗೊತ್ತಾಗುವುದಿಲ್ಲ. ತನ್ನ ಕಡೆಗೆ ಎಷ್ಟು ಬೇಗ ಬರುತ್ತಿದೆ ಎನ್ನುವುದಷ್ಟೇ ಗೊತ್ತು. ನೇರವಾಗಿ ಎದುರು ಬರುವ ಚೆಂಡಿನಲ್ಲಿ ಇವೆರಡೂ ಒಂದೇ. ಕಣ್ಣ ಮುಂದೆ ಎಡದಿಂದ ಬಲಕ್ಕೆ ಅಡ್ಡ ಹಾಯುವ ಚೆಂಡಿಗೆ ಗನ್ ಸೊನ್ನೆ ಎನ್ನುತ್ತದೆ, ಏಕೆಂದರೆ ಅದು ಹತ್ತಿರಕ್ಕೂ ಬರುತ್ತಿಲ್ಲ, ದೂರಕ್ಕೂ ಹೋಗುತ್ತಿಲ್ಲ. ಇವೆರಡರ ನಡುವೆ ಎಲ್ಲೇ ನಿಂತರೂ ನಿಜವಾದ ವೇಗವನ್ನು ಆ ಕೋನದ ಕೊಸೈನ್‌ನಿಂದ ಗುಣಿಸಿದಷ್ಟು ಮಾತ್ರ ಕಾಣುತ್ತದೆ. ಪಿಯುಸಿಯಲ್ಲಿ ಕಣ್ಣು ಮುಚ್ಚಿ ಬಾಯಿಪಾಠ ಮಾಡಿದ ಕೊಸೈನ್ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಕೇಳುತ್ತಿದ್ದವರಿಗೆ, ಇಲ್ಲಿ.

ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯಂಥ ರಸ್ತೆಯ ಪಕ್ಕದಲ್ಲಿ ನಿಂತು ಗನ್ ಹಿಡಿಯುವ ಪೊಲೀಸರಿಗೂ ಇದೇ ಸಮಸ್ಯೆ. ಆದರೆ ಅಲ್ಲಿ ಈ ತಪ್ಪು ಯಾವಾಗಲೂ ಡ್ರೈವರ್ ಪರ. ಓರೆಯಿಂದ ಅಳೆದರೆ ವೇಗ ಕಡಿಮೆ ತೋರಿಸೀತೇ ಹೊರತು ಹೆಚ್ಚು ತೋರಿಸದು, ಹಾಗಾಗಿ ಯಾರೂ ತಕರಾರು ಮಾಡುವುದಿಲ್ಲ. ಬೌಲರ್ ವಿಷಯದಲ್ಲಿ ಅದೇ ತಪ್ಪು ಅವನ ಜೇಬಿನಿಂದ ಹೋಗುತ್ತದೆ.

ಮಣ್ಣಿನ ನಕ್ಷೆಯ ಪಕ್ಕದಲ್ಲೇ ಲೆಕ್ಕ ಮಾಡಿದೆವು. ಒಂದು ನೆಟ್‌ನ ಅಗಲ 12 ಅಡಿ ಇದ್ದರೆ ಮೊದಲನೇ ನೆಟ್‌ನ ನಡುಗೆರೆಯಿಂದ ನಾಲ್ಕನೆಯದರ ನಡುಗೆರೆಗೆ ಸುಮಾರು 11 ಮೀಟರ್. ಚೆಂಡು ಕೈಬಿಡುವ ಜಾಗದಿಂದ ಕುರ್ಚಿಯ ಸಾಲಿಗೆ ಹುಡುಗನ ಅಂದಾಜಿನಂತೆ 22 ಮೀಟರ್. ಕೋನ 26 ಡಿಗ್ರಿಗೂ ಹೆಚ್ಚು. ಅದರ ಕೊಸೈನ್ 0.894. ನಿಜವಾಗಿ 109.6 ವೇಗದಲ್ಲಿ ಹಾಕಿದರೆ ಆ ಕುರ್ಚಿಗೆ ಕಾಣುವುದು 98.

ತಂದೆ ಮೂರು ಸಲ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದರು.

ನಾಲ್ಕನೇ ನೆಟ್‌ನ ಹುಡುಗ 105 ದಾಟಬೇಕಾದರೆ ನಿಜಕ್ಕೆ 117ಕ್ಕಿಂತ ಜೋರಾಗಿ ಹಾಕಬೇಕು. ಮೂರನೆಯದರಲ್ಲಿ 110 ಹಾಕಿದವನಿಗೆ 104.4 ತೋರಿಸಿರುತ್ತದೆ, ಸುಮಾರು ಅರ್ಧ ಕಿಲೋಮೀಟರಿಗೆ ಹೊರಗೆ. ನಾನು ಹುಡುಗನನ್ನು ಕೇಳಿದೆ, "ನಿನ್ನ ನೆಟ್‌ನಿಂದ ಎಷ್ಟು ಜನ ಆಯ್ಕೆಯಾದರು?" ಅವನು ಬೆರಳಲ್ಲಿ ಎಣಿಸಲು ಹೋಗಿ ನಿಲ್ಲಿಸಿದ. "ಒಬ್ಬನೂ ಇಲ್ಲ ಅಂಕಲ್. ಮೊದಲನೇ ನೆಟ್‌ನವರೇ ಜಾಸ್ತಿ."

ಅಕಾಡೆಮಿಯವರು ಬೇಕೆಂದೇ ಮಾಡಿದ್ದಾರೆ ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಕುರ್ಚಿ ಎತ್ತಿಡುವ ಸೋಮಾರಿತನ, ಅಷ್ಟೇ. ನನ್ನ ಕೆಲಸದಲ್ಲೂ ಇದನ್ನು ದಿನಾ ನೋಡುತ್ತೇನೆ. ಗ್ರಾಹಕ ಪುಟ ತೆರೆಯಲು ಮೂರು ಸೆಕೆಂಡ್ ಆಗುತ್ತಿದೆ ಎಂದು ಗೋಳಾಡುತ್ತಾನೆ. ಸರ್ವರ್ ತಂಡದವರು ಡ್ಯಾಶ್‌ಬೋರ್ಡ್ ತೋರಿಸಿ 40 ಮಿಲಿಸೆಕೆಂಡ್ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಮೀಟರ್ ಇಟ್ಟ ಜಾಗ ಬೇರೆ. ಆದರೆ ನಮ್ಮಲ್ಲಿ ಹೆಚ್ಚೆಂದರೆ ಒಂದು ಟಿಕೆಟ್ ಕ್ಲೋಸ್ ಆಗುವುದಿಲ್ಲ. ಇಲ್ಲಿ ಒಬ್ಬ ಹುಡುಗನ ವರ್ಷ ಹೋಗುತ್ತದೆ.

ಕೋನ ಸರಿಯಿದ್ದರೂ ಇನ್ನೊಂದು ತಕರಾರಿದೆ. ಚೆಂಡಿನ ವೇಗ ದಾರಿಯುದ್ದಕ್ಕೂ ಒಂದೇ ಇರುವುದಿಲ್ಲ. ಕೈಬಿಟ್ಟಾಗ 144 ಇದ್ದ ಚೆಂಡು ಗಾಳಿಯ ತಡೆಯಿಂದಲೇ ಪಿಚ್ ಆಗುವಷ್ಟರಲ್ಲಿ ಸುಮಾರು ಹತ್ತನೇ ಒಂದು ಭಾಗ ಕಳೆದುಕೊಂಡಿರುತ್ತದೆ. ನೆಲಕ್ಕೆ ಬಡಿದು ಎದ್ದಾಗ ಇನ್ನಷ್ಟು. ಟಿವಿಯಲ್ಲಿ ತೋರಿಸುವುದು ಕೈಬಿಟ್ಟ ಕ್ಷಣದ ವೇಗ. ಅಗ್ಗದ ಗನ್ನಿಗೆ ಅಷ್ಟು ದೂರದ ಸಣ್ಣ ಚೆಂಡು ಕಾಣುವುದೇ ಇಲ್ಲ. ಅರ್ಧ ದಾರಿ ಬಂದ ಮೇಲೆ ಹಿಡಿಯುತ್ತದೆ, ಅಷ್ಟರಲ್ಲಿ ಏಳೆಂಟು ಕಿಲೋಮೀಟರ್ ಸೋರಿಹೋಗಿರುತ್ತದೆ. ಅಪ್ಪಂದಿರು ಆನ್‌ಲೈನಿನಲ್ಲಿ ಆಟಿಕೆ ಗನ್ ತರಿಸಿ, ಮಗನ ಅಂಕಿಯನ್ನು ಟಿವಿಯ ಅಂಕಿಯ ಪಕ್ಕದಲ್ಲಿಟ್ಟು ಬೇಸರ ಮಾಡಿಕೊಳ್ಳುವುದನ್ನು ನಮ್ಮ ಸೊಸೈಟಿಯಲ್ಲೇ ನೋಡಿದ್ದೇನೆ.

ಟಿವಿಯ ಅಂಕಿಯಾದರೂ ದೇವರ ವಾಕ್ಯವೇ? 2022ರ ಜೂನ್‌ನಲ್ಲಿ ಐರ್ಲೆಂಡ್ ವಿರುದ್ಧದ ಟಿ20 ಪಂದ್ಯದಲ್ಲಿ ನಮ್ಮ ಭುವನೇಶ್ವರ್ ಕುಮಾರ್ ಹಾಕಿದ ಚೆಂಡಿಗೆ ಪರದೆ 201 ಎಂದಿತು. ಸ್ವಿಂಗ್ ನಂಬಿ ಬದುಕಿದ ಬೌಲರ್ ಪಾಪ. 2024ರ ಡಿಸೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ ಹೈದರಾಬಾದಿನ ಸಿರಾಜ್‌ಗೆ 181.6 ಬಂತು. 2020ರ ಅಂಡರ್-19 ವಿಶ್ವಕಪ್‌ನಲ್ಲಿ ಶ್ರೀಲಂಕಾದ ಪತಿರಾಣ ಜೈಸ್ವಾಲ್‌ಗೆ ಹಾಕಿದ ಒಂದು ವೈಡ್ 175 ಎಂದು ದಾಖಲಾಯಿತು. ಇವು ನಗು ಬರಿಸುವಷ್ಟು ದೊಡ್ಡ ತಪ್ಪುಗಳು, ಆದ್ದರಿಂದಲೇ ಸಿಕ್ಕಿಬಿದ್ದವು. ಅದೇ ಪೆಟ್ಟಿಗೆ 138ರ ಚೆಂಡಿಗೆ 143 ಎಂದರೆ ಯಾರಿಗೆ ಗೊತ್ತಾಗುತ್ತದೆ? ಕಾಮೆಂಟೇಟರ್ "ವೇಗ ಹೆಚ್ಚಿಸಿದ್ದಾರೆ" ಎಂದು ಹೊಗಳಿ ಮುಂದೆ ಹೋಗುತ್ತಾರೆ.

ದಾಖಲೆಗಳ ಕಥೆಯೂ ಹೀಗೇ. 1975ರ ಡಿಸೆಂಬರ್‌ನಲ್ಲಿ ಪರ್ತ್‌ನಲ್ಲಿ ಕ್ಯಾಮೆರಾಗಳ ಸಹಾಯದಿಂದ ಅಳೆದಾಗ ಜೆಫ್ ಥಾಮ್ಸನ್ ವೇಗ 160.45. ಕೆಲವೇ ವರ್ಷಗಳ ನಂತರ ಅದೇ ಊರಿನಲ್ಲಿ ವೇಗದ ಬೌಲರುಗಳನ್ನೆಲ್ಲ ಸೇರಿಸಿ ಸ್ಪರ್ಧೆ ಇಟ್ಟಾಗ ಗೆದ್ದವನು ಅವನೇ, ಆದರೆ 147.9ರಲ್ಲಿ. ಮೈಕಲ್ ಹೋಲ್ಡಿಂಗ್ 141.3, ಇಮ್ರಾನ್ ಖಾನ್ 139.7. ಈ ನಡುವೆ 1976ರಲ್ಲಿ ಕ್ಯಾಚ್ ಹಿಡಿಯಲು ಹೋಗಿ ಸಹ ಆಟಗಾರನಿಗೆ ಡಿಕ್ಕಿ ಹೊಡೆದು ಥಾಮ್ಸನ್ ಭುಜ ಹಾಳಾಗಿತ್ತು, ನಿಜ. ಹಾಗೆಂದು ಹೋಲ್ಡಿಂಗ್ ಇಂದಿನ ಮಧ್ಯಮ ವೇಗಿಗಳ ಸಾಲಿನವನು ಎಂದು ಆ ಅಂಕಿ ನೋಡಿ ಹೇಳುವವರಿದ್ದರೆ, ಅವರಿಗೆ ಅಂದು ಎದುರು ನಿಂತ ಬ್ಯಾಟ್ಸ್‌ಮನ್‌ಗಳೇ ಉತ್ತರ ಹೇಳಬೇಕು. ಅಧಿಕೃತ ದಾಖಲೆ ಇಂದಿಗೂ ಶೋಯೆಬ್ ಅಖ್ತರ್ ಹೆಸರಲ್ಲಿದೆ: 161.3, 2003ರ ಫೆಬ್ರವರಿ 22, ಕೇಪ್‌ಟೌನ್. ಬ್ಯಾಟ್ ಹಿಡಿದಿದ್ದ ಇಂಗ್ಲೆಂಡಿನ ನಿಕ್ ನೈಟ್ ಅದನ್ನು ನೆಮ್ಮದಿಯಾಗಿ ಲೆಗ್ ಸೈಡಿಗೆ ತಳ್ಳಿದ. ಪಂದ್ಯವನ್ನೂ ಇಂಗ್ಲೆಂಡೇ ಗೆದ್ದಿತು.

ನಮ್ಮವರಿಗೆ ಮಾತ್ರ ಅಂಕಿಯೇ ಇಲ್ಲ. ಮೈಸೂರಿನ ಜಾವಗಲ್ ಶ್ರೀನಾಥ್ 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ಟಿವಿ ಪರದೆಯ ಮೂಲೆಯಲ್ಲಿ ವೇಗ ಬರುವ ರೂಢಿ ಇರಲಿಲ್ಲ. ಅದು ಮಾಮೂಲಾಗಿದ್ದು ತೊಂಬತ್ತರ ದಶಕದ ಕೊನೆಗೆ. ಅಷ್ಟರಲ್ಲಿ 1997ರಲ್ಲಿ ಅವರ ಭುಜದ ಶಸ್ತ್ರಚಿಕಿತ್ಸೆ ಆಗಿತ್ತು. ಅಂದರೆ ಅವರ ತೋಳಿನಲ್ಲಿ ಕಸುವು ಹೆಚ್ಚಿದ್ದ ವರ್ಷಗಳು ಬಹುಪಾಲು ಅಳತೆಗೆ ಸಿಗದೆ ಹೋದವು. ತಮಾಷೆಯೆಂದರೆ ಅವರು ಎಸ್‌ಜೆಸಿಇಯಲ್ಲಿ ಓದಿದ್ದು ಇನ್‌ಸ್ಟ್ರುಮೆಂಟೇಷನ್ ಎಂಜಿನಿಯರಿಂಗ್, ಅಳೆಯುವ ಉಪಕರಣಗಳ ವಿದ್ಯೆ. ಅದಕ್ಕೂ ಹಿಂದೆ 1971ರ ಓವಲ್ ಟೆಸ್ಟ್. ಬಿ.ಎಸ್. ಚಂದ್ರಶೇಖರ್ ಹೆಸರಿಗೆ ಸ್ಪಿನ್ನರ್. ಜಾನ್ ಎಡ್ರಿಚ್ ಆಡುತ್ತಿದ್ದಾಗ ದಿಲೀಪ್ ಸರ್ದೇಸಾಯಿ "ಮಿಲ್ ರೀಫ್ ಹಾಕು" ಎಂದರಂತೆ. ಮಿಲ್ ರೀಫ್ ಆ ವರ್ಷ ಇಂಗ್ಲೆಂಡಿನ ಡರ್ಬಿ ಗೆದ್ದ ಕುದುರೆ. ಚಂದ್ರ ತಮ್ಮ ವೇಗದ ಎಸೆತ ಬಿಟ್ಟರು, ಎಡ್ರಿಚ್ ಬ್ಯಾಟ್ ಇಳಿಸುವ ಮೊದಲೇ ಸ್ಟಂಪ್ ಹೋಗಿತ್ತು. ಆ ಇನಿಂಗ್ಸ್‌ನಲ್ಲಿ 38 ರನ್‌ಗೆ 6 ವಿಕೆಟ್, ಭಾರತಕ್ಕೆ ಇಂಗ್ಲೆಂಡ್ ನೆಲದಲ್ಲಿ ಮೊದಲ ಸರಣಿ ಗೆಲುವು. ಆ ಚೆಂಡಿನ ವೇಗಕ್ಕೆ ಉಳಿದಿರುವ ಅಳತೆ ಒಂದು ಕುದುರೆಯ ಹೆಸರು ಮಾತ್ರ.

ಇಷ್ಟೆಲ್ಲ ನಾನು ಮಣ್ಣಿನಲ್ಲಿ ಕೂತು ಹೇಳುತ್ತಿದ್ದರೆ ಹುಡುಗನ ಗಮನ ಗನ್ನಿನ ಮೇಲೇ ಇತ್ತು. "ಅಂಕಲ್, 112 ಬರುತ್ತಾ ನೋಡ್ಲಾ?" ಎಂದ. ಹಾಕಿದ, 109. ಮತ್ತೆ ಹಾಕಿದ, 110. ಏಳನೆಯದರಲ್ಲಿ ಓಟ ಹೆಚ್ಚಾಯಿತು, ಎಂಟನೆಯದರಲ್ಲಿ ಮೈ ಒಂದು ಕಡೆಗೆ ವಾಲಿತು. 107 ಬಂತು. ಒಂಬತ್ತನೆಯದಕ್ಕೆ ನಾನು ಗನ್ ಆರಿಸಿದೆ. ಈ ವಯಸ್ಸಿನ ವೇಗಿಗಳ ಬೆನ್ನಿನ ಕೆಳಭಾಗದ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಬಾಗಿ ತಿರುಚುವ ಅದೇ ಚಲನೆ ಸಾವಿರ ಸಲ ಆದರೆ ಕೂದಲೆಳೆ ಬಿರುಕು ಬಿಡುತ್ತದೆ. ಡೆನ್ನಿಸ್ ಲಿಲ್ಲಿಯಂಥ ಲಿಲ್ಲಿಗೇ 1973ರಲ್ಲಿ ಬೆನ್ನು ಮೂಳೆ ಬಿರುಕು ಬಿಟ್ಟಿತ್ತು. ದೆಹಲಿಯ ಮಯಂಕ್ ಯಾದವ್ 2024ರ ಏಪ್ರಿಲ್‌ನಲ್ಲಿ ನಮ್ಮ ಚಿನ್ನಸ್ವಾಮಿಯಲ್ಲೇ 156.7ರಲ್ಲಿ ಹಾಕಿದಾಗ ದೇಶವೆಲ್ಲ ಕುಣಿಯಿತು. ಆ ಸೀಸನ್‌ನಲ್ಲಿ ಗಾಯ ಬಿಟ್ಟುಕೊಟ್ಟಿದ್ದು ನಾಲ್ಕೇ ಪಂದ್ಯಕ್ಕೆ. ಪರದೆಯ ಮೇಲೆ ಅಂಕಿ ಮಿನುಗುತ್ತಿದ್ದರೆ ಹದಿನಾಲ್ಕರ ಹುಡುಗನಿಗೆ ನಿಲ್ಲಿಸಲು ಬರುವುದಿಲ್ಲ. ನಲವತ್ತರ ನಮಗೇ ಬರಲಿಲ್ಲ.

ಆ ರಾತ್ರಿ ನಕ್ಷೆಯನ್ನು ಕಾಗದದ ಮೇಲೆ ನೀಟಾಗಿ ಬರೆದು, ನಾಲ್ಕು ನೆಟ್‌ಗಳ ಲೆಕ್ಕ ಸೇರಿಸಿ, ತಂದೆಯ ಹೆಸರಿನಲ್ಲಿ ಅಕಾಡೆಮಿಗೆ ಮೇಲ್ ಕಳಿಸಿದೆವು. ಯಾರ ಮೇಲೂ ಆರೋಪ ಇರಲಿಲ್ಲ. ಒಂದೋ ಪ್ರತಿ ನೆಟ್‌ನ ಹಿಂದೆ ಹೋಗಿ ಅಳೆಯಿರಿ, ಇಲ್ಲವೇ ಎಲ್ಲರಿಗೂ ಒಂದೇ ನೆಟ್‌ನಲ್ಲಿ ಹಾಕಿಸಿ ಎಂದಷ್ಟೇ ಕೇಳಿದ್ದೆವು. ನಾಲ್ಕು ದಿನ ಬಿಟ್ಟು ಒಂದು ಸಾಲಿನ ಉತ್ತರ ಬಂತು: ಎಲ್ಲ ಹುಡುಗರನ್ನೂ ಒಂದೇ ಗನ್ನಿನಿಂದ ಅಳೆದಿದ್ದೇವೆ, ಯಾರಿಗೂ ಪಕ್ಷಪಾತ ಮಾಡಿಲ್ಲ.

ತಂದೆ ಅದನ್ನು ನನಗೆ ಓದಿ ಹೇಳಿ ನಕ್ಕರು. "ಒಂದೇ ಗನ್ ಅನ್ನೋದು ಖರೇನ ಐತಿ ಬಿಡ್ರಿ ಸರ" ಎಂದರು. ಆಮೇಲೆ ಮೆತ್ತಗೆ, "ಅಂವಗ ಈಗ ಉಣ್ಣಾಕ ಸೇರತದ. ತನ್ನದೇನ ಕಡಿಮಿ ಇಲ್ಲ ಅಂತ ಗೊತ್ತಾತಲ್ಲ" ಎಂದೂ ಸೇರಿಸಿದರು.

ಮಾರ್ಚಿನಲ್ಲಿ ಅದೇ ಅಕಾಡೆಮಿಯ ಎರಡನೇ ಟ್ರಯಲ್ ಇತ್ತು. ಹೋಗಬೇಕೋ ಬೇಡವೋ ಎಂದು ಮನೆಯಲ್ಲಿ ಚರ್ಚೆ ನಡೆದು ಕೊನೆಗೆ ಹೋಗುವುದೆಂದು ತೀರ್ಮಾನವಾಯಿತು. ಆ ದಿನ ನಾನು ಆಫೀಸಿನ ಕಾಲ್‌ನಲ್ಲಿದ್ದೆ. ಹತ್ತೂವರೆಗೆ ಮೊಬೈಲಿಗೆ ಮೆಸೇಜ್ ಬಂತು.

"ಸರ, ಕುರ್ಚಿ ಅಲ್ಲೇ ಇಟ್ಟಾರ. ಅಂವಗ ಎರಡನೇ ನೆಟ್ ಬಂದದ. ಎಷ್ಟು ಹೋಗ್ತದ್ರೀ?"

ಕಾಲ್ ಮ್ಯೂಟ್ ಮಾಡಿ ಲೆಕ್ಕ ಹಾಕಿದೆ. ಒಂಬತ್ತು ಡಿಗ್ರಿ ಚಿಲ್ಲರೆ.

"ಒಂದೂವರೆ" ಎಂದು ಕಳಿಸಿದೆ.

"ಅಷ್ಟು ಹೋಗ್ಲಿ ಬಿಡ್ರಿ" ಎಂದು ಉತ್ತರ ಬಂತು.